ಚಿಂದಿ ಆಯುತ್ತಿದ್ದ ಅಕ್ಕನಿಗೊಂದು ಅರಿಕೆ

ಪೂಜ್ಯ ಅಕ್ಕನ ಸನ್ನಿಧಿಗೆ, ಊರವರ ಅರ್ಜಿಗಳನ್ನು ಬರೆದೇ ತಲೆ ನರೆತ ನಿನ್ನ ತಮ್ಮನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಚಿಂದಿ ಆಯುವವರನ್ನೂ ನಗರದ ಕಸ ವಿಂಗಡಣೆಗೆ ಸೇರಿಸಿಕೊಳ್ಳಬೇಕೆಂದು ನಾನು ಬರೆದುಕೊಟ್ಟ ಅರ್ಜಿ ಇಂದು ನಗರಸಭೆಯ ಸಾಹೇಬರ ಮುಂದೆ ಬಂತು.

"ಇವರಿಗೇನ್ರೀ ಗೊತ್ತು ಈ ಕೆಲಸ?" ಎಂದರು ಸಾಹೇಬರು.

ಅರ್ಜಿದಾರರ ಪೈಕಿ ಹಿರಿಯರಾದ ಅಜ್ಜಿ ಕಣ್ಣು ಮುಚ್ಚಿಕೊಂಡು, ಎರಡು ಪ್ಲಾಸ್ಟಿಕ್ ಕವರುಗಳನ್ನು ಕಿವಿಯ ಬಳಿ ಹಿಸುಕಿದರು. "ಇದು ಚರಚರ ಅನ್ನುತ್ತೆ, ಯಾರೂ ಕೊಳ್ಳಲ್ಲ. ಇದು ಮೆತ್ತಗೆ ಮಾತಾಡುತ್ತೆ, ಕರಗಿಸೋಕೆ ಬರುತ್ತೆ. ಕಸ ವಿಂಗಡಿಸೋ ನಿಮ್ಮ ಯಂತ್ರಕ್ಕೆ ಕಿವಿ ಇದೆಯಾ ಸ್ವಾಮಿ?"

ಸಾಹೇಬರು ನಕ್ಕು ನನ್ನತ್ತ ತಿರುಗಿದರು. "ಇದನ್ನ ಅನುಭವ ಅಂತ ಬರೆಯೋಕಾಗುತ್ತಾ ಯಜಮಾನ್ರೇ?"

"ಯಾಕಾಗಲ್ಲ? ನಮ್ಮಕ್ಕ ಹೀಗೇ ಹಿಸುಕಿ ಹಿಸುಕಿ ನನ್ನನ್ನ ಓದಿಸಿದ್ದು."

ನನ್ನ ಮದುವೆಯಲ್ಲಿ ಬೀಗರಿಗೆ "ಅಕ್ಕನದು ಕಾಗದದ ವ್ಯಾಪಾರ" ಎಂದಿದ್ದೆ. ನೀನು ಸುಮ್ಮನೆ ನಕ್ಕು, ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಿದ್ದೆ. ಇಂದು ನಾನು ಕಚೇರಿಯೆಲ್ಲ ಕೇಳುವಂತೆ ನಿಜ ಹೇಳಿದೆ.

ಅಷ್ಟೂ ಜನರನ್ನು ಸೇರಿಸಿಕೊಂಡರು, ಅಕ್ಕ. ಹೊರಗೆ ಬಂದ ಮೇಲೆ ಅಜ್ಜಿ ನನ್ನ ಕೈ ಹಿಡಿದು, "ನಿಮ್ಮಕ್ಕನ್ನೂ ಕರ್ಕೊಂಡು ಬಾರಪ್ಪಾ, ನನ್ನ ಪಕ್ಕ ಕೂತ್ಕೊಳ್ಳಲಿ" ಎಂದರು. ನೀನು ತೀರಿಕೊಂಡೆಯೆನ್ನಲು ನಾಲಿಗೆ ಏಳಲಿಲ್ಲ. "ಆಗಲಿ, ಕೇಳಿ ನೋಡ್ತೀನಿ" ಎಂದು ಬಂದೆ.

ಆದಕಾರಣ ಕೇಳುತ್ತಿದ್ದೇನೆ. ಬರುತ್ತೀಯಾ?