ಎರಡು ಸೈಡಿಗೆ ಹನ್ನೆರಡು ಹಾಡು

ಆದವಾನಿ
18 ಮೇ 2025, ಭಾನುವಾರ

ಪ್ರೀತಿಯ ಶರ್ವಾಣಿ,

ನೀನೂ ನಿನ್ನ ಮನೆಮಂದಿಯೂ ಮಾಧವರಂನಲ್ಲಿ ಸುಖವಾಗಿರಿ. ಇಲ್ಲಿ ನಾವು ಈ ಸುಡುಬಿಸಿಲಿಗೆ ಬೆಂದೂ ಬದುಕಿದ್ದೇವೆ. ನಿನ್ನ ವಾಯ್ಸ್ ಮೆಸೇಜು ಬಂದು ಮೂರು ವಾರವಾಯಿತು. ಉತ್ತರ ಕೊಡದೆ ಕೂತಿದ್ದಕ್ಕೆ ಕ್ಷಮಿಸು. ಪುರುಸೊತ್ತಿರಲಿಲ್ಲ ಎಂದರೆ ಹಸಿ ಸುಳ್ಳು. ಶಾಲೆಗೆ ರಜೆ, ಆಸ್ಪರಿಯ ಬಸ್ಸಿಗೆ ಓಡುವುದೂ ಇಲ್ಲ, ದಿನವೆಲ್ಲ ಫ್ಯಾನಿನ ಕೆಳಗೆ ಬಿದ್ದಿರುತ್ತೇನೆ. ಹೆದರಿ ಸುಮ್ಮನಿದ್ದೆ, ಅಷ್ಟೇ.

ನಿನ್ನ ಮಗಳಿಗೆ ಹತ್ತನೆಯ ತರಗತಿಯಲ್ಲಿ ಐನೂರ ಅರವತ್ತೆರಡು ಬಂತೆಂದು ಕೇಳಿ ಒಬ್ಬಳೇ ಕುಣಿದಾಡಿದೆ. ಆಮೇಲೆ ನಿನ್ನ ದನಿ ಸಣ್ಣಗಾಯಿತು. “ಆದವಾನಿ ಕಾಲೇಜಿಗೆ ಹಾಕಾಕ ಅಪ್ಪ ಒಪ್ಪವಲ್ರು ಹೇಮಾ. ತಾಯಿನ್ನ ಕಳಿಸಿ ಕಂಡದ್ದು ಸಾಕು ಅಂತಾರ. ನಮ್ಮನಿಯವರೂ ಅದಕ್ಕ ಹೂಂ ಅಂತಾರ” ಅಂದೆ. ನಿನ್ನ ಅಪ್ಪ ಪ್ರಾಣೇಶಾಚಾರರಿಗೆ ಎಪ್ಪತ್ತೆಂಟಾದರೂ ಆ ಕ್ಯಾಸೆಟ್ಟಿನ ಚೀಟಿ ಮರೆತಿಲ್ಲ. ಅದರ ನಿಜ ಹೇಳಿ ನಿನ್ನ ಮಗಳ ದಾರಿ ಬಿಡಿಸಬೇಕಾದವಳು ನಾನು. ಫೋನಿನಲ್ಲಾದರೆ ನಿನ್ನ ದನಿ ಕೇಳಿದ ಕೂಡಲೇ ಮಾತು ಮರೆಸಿಬಿಡುತ್ತೇನೆ, ಅದಕ್ಕೇ ಕಾಗದ ಹಿಡಿದಿದ್ದೇನೆ.

ಬರೆಯುವ ಧೈರ್ಯ ಬಂದದ್ದು ಹೋದ ಭಾನುವಾರ, ಅದೂ ಹೇಸಿಗೆಯಿಂದ. ನಮ್ಮಣ್ಣ ಸೋಮೇಶನ ಮದುವೆಯಾಗಿ ಇಪ್ಪತ್ತು ವರ್ಷವಾಯಿತೆಂದು ಹತ್ತಿ ಮಾರ್ಕೆಟ್ಟಿನ ಹತ್ತಿರದ ಫಂಕ್ಷನ್ ಹಾಲಿನಲ್ಲಿ ಊಟ ಇಟ್ಟಿದ್ದ. ಆರ್ಕೆಸ್ಟ್ರಾ ಬೇರೆ. 2002ರ ತೆಲುಗು ಹಾಡು ಬಿಟ್ಟು ಇನ್ನೇನೂ ಹಾಡಬೇಡಿ ಎಂದು ಅವರಿಗೆ ಮೊದಲೇ ತಾಕೀತು ಮಾಡಿದ್ದನಂತೆ. ನಾವು ಕಾಲೇಜಿನಲ್ಲಿ ಇಂಟರ್ ಎರಡನೆಯ ವರ್ಷದಲ್ಲಿದ್ದ ವರ್ಷ ಅದು. ಬಂದವರೆಲ್ಲ “ಆ ಕಾಲದ ಹಾಡೇ ಹಾಡು” ಎಂದು ಕಣ್ಣುಮುಚ್ಚಿ ತಲೆದೂಗುತ್ತಿದ್ದರು. ನಾನೂ ಮೊದಲ ಐದು ನಿಮಿಷ ತೂಗಿದೆ, ಸುಳ್ಳೇಕೆ ಹೇಳಲಿ.

ಮೊದಲು ನಾವು ಸೀಟಿ ಹಾಡು ಅನ್ನುತ್ತಿದ್ದೆವಲ್ಲ, ಅದು. ಹುಡುಗಿ ಸೈಕಲ್ ತುಳಿಯುತ್ತಿರುತ್ತಾಳೆ, ಹೀರೋ ಸುತ್ತಲೂ ಬೈಕು ತಿರುಗಿಸುತ್ತಾ, ನೀನು ಹೂಂ ಅನ್ನುವವರೆಗೂ ದಾರಿ ಬಿಡುವುದಿಲ್ಲ ಎಂದು ಹಾಡುತ್ತಾನೆ. ಆ ದಸರೆಗೆ ಊರಿನ ಯಾವ ಆಟೋ ಹತ್ತಿದರೂ ಅದೇ. ಆಮೇಲೆ ಬಸ್ಸಿನ ಹಾಡು. ಅವಳು ಕೂತ ಬಸ್ಸಿಗೆ ಇವನು ಅಡ್ಡ ಮಲಗುತ್ತಾನೆ, ಡ್ರೈವರು ಕೆಳಗಿಳಿದು ಇವನ ಜೊತೆಗೇ ಕುಣಿಯುತ್ತಾನೆ, ಒಳಗೆ ಕೂತ ಹುಡುಗಿಗೆ ಏನು ಬೇಕೆಂದು ಒಬ್ಬ ಪ್ರಯಾಣಿಕನೂ ಕೇಳುವುದಿಲ್ಲ. ಇನ್ನೊಂದು, ಥೂ, ಕೈ ಕೊಯ್ದುಕೊಂಡು ರಕ್ತದಲ್ಲಿ ಹೆಸರು ಬರೆಯುವ ಅಳುಮುಂಜಿಯದು. ಅದಕ್ಕೆ ನಾನು ಕಣ್ಣೀರು ಹಾಕಿದ್ದೆ ನೋಡು! ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆಯುತ್ತಾ ಇಬ್ಬರೂ ಗುನುಗಿದ್ದು ಇದನ್ನೇ. ಎಲೆಯ ಮುಂದೆ ಕೂತವಳು ಕೈಯಲ್ಲಿದ್ದ ತುತ್ತು ಕೆಳಗಿಟ್ಟೆ.

ಅಷ್ಟರಲ್ಲಿ ಅಣ್ಣ ಮೈಕು ಕಿತ್ತುಕೊಂಡ. “ಈ ಹಾಡಿನ ಕ್ಯಾಸೆಟ್ ಮಾಡ್ಸಿ ಒಬ್ಬಾಕಿಗೆ ಕೊಟ್ಟಿದ್ನಿ ನೋಡ್ರಿ. ಅವರಪ್ಪನ ಕೈಗೆ ಸಿಕ್ಕುಬಿಡ್ತು! ಮೂರು ತಿಂಗಳದಾಗ ಆಕಿ ಮದುವಿ ಮಾಡಿ ದಾಟಿಸಿಬಿಟ್ರು. ನಾ ಬಚಾವಾದೆ!” ಅಂದ. ಸಭೆಗೆ ಸಭೆಯೇ ಗೊಳ್ಳೆಂದಿತು. ಅವನ ಹೆಂಡತಿ ಮಹಾಲಕ್ಷ್ಮಿಯೂ ಸೆರಗು ಬಾಯಿಗೊತ್ತಿ ನಕ್ಕಳು. ಯಾರೋ ಹಿಂದಿನಿಂದ “ಅನ್ನಾ, ಇಂಕೋ ಪಾಟ!” ಎಂದು ಇನ್ನೊಂದು ಹಾಡು ಕೇಳಿದರು. ನನ್ನ ಅಪ್ಪ ಮೊಮ್ಮಗನಿಗೆ ಐಸ್‌ಕ್ರೀಮು ತಿನ್ನಿಸುತ್ತಿದ್ದವರು ತಲೆ ಕೂಡ ಎತ್ತಲಿಲ್ಲ.

ಕೈ ಕೂಡ ತೊಳೆಯದೆ ಹೋಗಿ ಅವನ ತೋಳು ಹಿಡಿದೆ. “ಆಕಿಗೆ ಒಂದು ಹೆಸರೈತಿ. ಹೇಳು, ಮೈಕಿನಾಗ ಹೇಳು” ಅಂದೆ.

“ಏ ಹುಚ್ಚಿ, ತಮಾಷಿಗೆ ಅಂದ್ನೆವಾ. ಆ ವಯಸ್ಸಿನಾಗ ಎಲ್ಲಾರೂ ಮಾಡಿರ್ತಾರ. ಮತ್ತ ಲಿಸ್ಟ್ ಬರದಾಕಿ ಯಾರು? ನೀನಽ ಅಲ್ಲೇನು?” ಎಂದು ನನ್ನ ಕೆನ್ನೆ ತಟ್ಟಿ ಹೋದ. ಹೌದು. ಅವನು ಹೇಳಿದ್ದು ಖರೆ. ಆ ಚೀಟಿ ಬರೆದವಳು ನಾನೇ, ಶರ್ವಾಣಿ.

ಹೇಗೆಂದು ಹೇಳುತ್ತೇನೆ, ಕೇಳು. ಆಂಜಿಯ ರೆಕಾರ್ಡಿಂಗ್ ಅಂಗಡಿ ನೆನಪಿರಬೇಕು, ತೆಲುಗು, ಕನ್ನಡ ಯಾವುದರಲ್ಲಿ ಬರೆದರೂ ಓದುತ್ತಿದ್ದ. ಬೇಕಾದ ಹಾಡುಗಳ ಚೀಟಿ ಬರೆದು ಕೊಟ್ಟರೆ ಎರಡು ಸೈಡಿಗೆ ಹನ್ನೆರಡು ಹಾಡು ತುಂಬಿ, ಅದೇ ಚೀಟಿಯನ್ನು ಮಡಚಿ ಡಬ್ಬಿಯೊಳಗಿಟ್ಟು ಕೊಡುತ್ತಿದ್ದ. ದೀಪಾವಳಿ ಮುಗಿದ ವಾರ ಅಣ್ಣ ಬಂದು, “ಹೇಮಾ, ನಿನ್ನ ಗೆಳತಿಗೆ ಯಾವ್ಯಾವ ಹಾಡು ಸೇರ್ತಾವ, ಬರದುಕೊಡು” ಅಂದ. ಯಾಕೆಂದು ಗೊತ್ತಿದ್ದೇ ಬರೆದೆ. ಅವನು ಇಂಗ್ಲಿಷ್ ಮೀಡಿಯಂ, ಕನ್ನಡದ ಒಂದಕ್ಷರ ಬಾರದು. ನಮಗೆ ತೆಲುಗು ಬಾಯಿಗೆ ಬರುತ್ತಿತ್ತು, ಪೆನ್ನು ಹಿಡಿದರೆ ಕೈ ಕನ್ನಡಕ್ಕೇ ಹೋಗುತ್ತಿತ್ತು. ಹನ್ನೆರಡು ತೆಲುಗು ಹಾಡನ್ನು ಕನ್ನಡದಲ್ಲಿ ಮುದ್ದಾಗಿ ಬರೆದು, ಮೇಲೊಂದು ಹೂವು ಬಿಡಿಸಿ, “ಶರ್ವಾಣಿಯ ಹಾಡುಗಳು” ಎಂದು ತಲೆಬರಹ ಕೊಟ್ಟೆ. ಆ ತಲೆಬರಹ ಅಣ್ಣ ಹೇಳಿದ್ದಲ್ಲ, ನನ್ನದೇ ಹೆಚ್ಚುಗಾರಿಕೆ.

ಅವನು ಅದನ್ನು ನಿನ್ನ ಸೈಕಲ್ ಬುಟ್ಟಿಯಲ್ಲಿ ಹಾಕಿ ಹೋದ. ಅವನ ಬೈಕು ಹೋದದ್ದನ್ನು ನೋಡಿದ್ದ ನಿನ್ನ ಅಪ್ಪನಿಗೆ, ಸೈಕಲ್ಲು ಒಳಗೆ ತೆಗೆದುಕೊಳ್ಳುವಾಗ ಕ್ಯಾಸೆಟ್ಟು ಸಿಕ್ಕಿತು. ಹುಡುಗನಿಗೆ ಕನ್ನಡ ಬರೆಯಲು ಬಾರದು, ಕಾಲೇಜಿನ ನಮ್ಮ ಸೆಕ್ಷನ್ನಿನಲ್ಲಿ ಕನ್ನಡ ಮೀಡಿಯಂನಿಂದ ಬಂದವರು ನಾವಿಬ್ಬರೇ, ಇಬ್ಬರಿಗೂ ಅಕ್ಷರ ತಿದ್ದಿಸಿದವರು ಒಬ್ಬರೇ ಯರ್ರೆಪ್ಪ ಮೇಷ್ಟ್ರು. ಯಾರ ನೋಟ್‌ಬುಕ್ ಯಾರದೆಂದು ಅವರಿಗೇ ಗುರುತು ಸಿಗುತ್ತಿರಲಿಲ್ಲ. ಹಾಗಾಗಿ ಮಗಳೇ ಪಟ್ಟಿ ಬರೆದು ಹುಡುಗನ ಕೈಯಲ್ಲಿ ಕ್ಯಾಸೆಟ್ ಮಾಡಿಸಿಕೊಂಡಿದ್ದಾಳೆ ಎಂದು ತೀರ್ಮಾನವಾಯಿತು. ಚೀಟಿಯನ್ನು ನಿನಗೆ ತೋರಿಸಲೂ ಇಲ್ಲ. ನಿಮ್ಮ ಮನೆಯಲ್ಲಿ ಟೇಪ್‌ರೆಕಾರ್ಡರೇ ಇರಲಿಲ್ಲವಲ್ಲೇ! ಯಾವುದಕ್ಕಾಗಿ ನಿನ್ನ ಕಾಲೇಜು ನಿಂತಿತೋ ಆ ಕ್ಯಾಸೆಟ್ಟನ್ನು ನೀನು ಒಂದು ದಿನವೂ ಕೇಳಲಿಲ್ಲ. ಮಾಘದಲ್ಲಿ, ಇನ್ನೂ ಪಬ್ಲಿಕ್ ಪರೀಕ್ಷೆ ಬರೆಯುವ ಮೊದಲೇ, ಹದಿನಾಲ್ಕು ವರ್ಷ ದೊಡ್ಡವರಿಗೆ ನಿನ್ನನ್ನು ಕೊಟ್ಟರು. ಲೆಕ್ಕದಲ್ಲಿ ಸೆಕ್ಷನ್ನಿಗೇ ಮೊದಲು ಬರುತ್ತಿದ್ದವಳು ನೀನು.

ಇನ್ನೊಂದು ಮಾತೂ ಹೇಳಬೇಕು. ಅದಕ್ಕೂ ಮುಂಚೆ ನೀನು ನನ್ನ ಹತ್ತಿರ ಬಂದು, “ನಿಮ್ಮಣ್ಣ ದಿನಾ ಬೈಕ್ ಅಡ್ಡ ತರ್ತಾನ. ನನಗ ಹೆದ್ರಿಕಿ ಆಗ್ತದ, ಹೇಳವಾ ಅವಂಗ” ಅಂದಿದ್ದೆ. ನಾನೇನಂದೆ? “ಸೀಟಿ ಹಾಡಿನ ಹೀರೋ ಸಿಕ್ಕಾನ, ಪುಣ್ಯ ಮಾಡೀ ಬಿಡು” ಅಂದು ನಕ್ಕೆ. ನೀನು ನಗಲಿಲ್ಲ. ಆ ಹಾಡುಗಳಲ್ಲಿ ಹುಡುಗಿಯರು ಮೊದಲು ಮುಖ ತಿರುಗಿಸಿ, ಕೊನೆಗೆ ನಗುತ್ತಿದ್ದರಲ್ಲ, ನೀನೂ ಹಾಗೇ ಎಂದುಕೊಂಡಿದ್ದೆ. ಎಂಥ ಹೊಲಸು ತಲೆಯಲ್ಲಿ ತುಂಬಿಕೊಂಡಿದ್ದೆ ನಾನು! ಈಗ ಶಾಲೆಯಲ್ಲಿ ಹುಡುಗಿಯರಿಗೆ, ಯಾರಾದರೂ ಹಿಂದೆ ಬಿದ್ದರೆ ಬಂದು ಹೇಳಿರಿ ಎಂದು ಪಾಠ ಮಾಡುತ್ತೇನೆ. ಅವರು ನನ್ನನ್ನು ನಂಬುತ್ತಾರೆ. ಮನೆಗೆ ಬಂದು ಕನ್ನಡಿ ನೋಡಿದರೆ ಅಸಹ್ಯವಾಗುತ್ತದೆ.

ಈಗ ಮಾಡಬೇಕಾದ್ದು ಇಷ್ಟು. ಈ ಕಾಗದವನ್ನು ನಿನ್ನ ಅಪ್ಪನ ಮುಂದೆ ಕೂತು, ನಿನ್ನ ಯಜಮಾನರನ್ನೂ ಕರೆದು, ಗಟ್ಟಿಯಾಗಿ ಓದು. ಚೀಟಿ ಬರೆದವಳು ಸಿದ್ದಬಸಪ್ಪನ ಮಗಳು ಹೇಮಾವತಿ, ನಿಮ್ಮ ಮಗಳಿಗೆ ಏನೂ ಗೊತ್ತಿರಲಿಲ್ಲ. ಬೇಕಾದರೆ ನಾನೇ ಬಂದು ಎದುರಿಗೆ ನಿಂತು ಹೇಳುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ. ನಿನ್ನ ಮಗಳ ಕಾಲೇಜಿನ ಅರ್ಜಿ ತಂದಿಟ್ಟಿದ್ದೇನೆ. ನಮ್ಮ ಮನೆಯಲ್ಲೇ ಇರಲಿ ಎನ್ನುವ ಯೋಗ್ಯತೆ ನನಗಿಲ್ಲ, ಹಾಸ್ಟೆಲ್ಲಿಗೂ ಕೇಳಿದ್ದೇನೆ, ಸೀಟಿದೆ. ಜೂನ್ ಮೊದಲ ವಾರದೊಳಗೆ ಸೇರಿಸಬೇಕು.

ನಿನ್ನ ಅಪ್ಪನಿಗೆ ನನ್ನ ನಮಸ್ಕಾರ. ಮಗಳಿಗೆ ಮನಸಾರೆ ಆಶೀರ್ವಾದ. ಎಷ್ಟು ಬೇಕೋ ಅಷ್ಟು ಓದಲಿ, ತಾನಾಗಿ ಬೇಕೆಂದು ಕೇಳಿದ ಹಾಡು ಕೇಳಲಿ.

ನಿನ್ನ
ಹೇಮಾ

ಮರೆತ ಮಾತಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಹೋದ ಶ್ರಾವಣದಲ್ಲಿ ನಾನು ಆರಾಧನೆಗೆ ನಿಮ್ಮ ಕಡೆ ಬಂದಾಗ, ನಿಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ ನೀನು ಅಂದೆ, “ಹೇಮಾನ್ನ ಕೇಳ್ರಿ, ಆಕಿ ಸುಳ್ಳು ಹೇಳಂಗಿಲ್ಲ ಅಂತ ಅಪ್ಪಗ ಕಾಲು ಹಿಡಿದು ಹೇಳಿದೆ. ಅವರು ಕೇಳಲೇ ಇಲ್ಲ ನೋಡು.” ಕೇಳಿದ್ದರು, ಶರ್ವಾಣಿ. ಕ್ಯಾಸೆಟ್ಟು ಸಿಕ್ಕ ಮರುದಿನ ಬೆಳಿಗ್ಗೆಯೇ ನಮ್ಮ ಮನೆಗೆ ಬಂದಿದ್ದರು. ಒಳಗೆ ಬರದೆ ಬಾಗಿಲಲ್ಲೇ ನಿಂತು, ಚೀಟಿ ಮುಂದೆ ಹಿಡಿದು, “ಖರೇ ಹೇಳಮ್ಮ, ಇವು ಯಾರ ಅಕ್ಷರ?” ಅಂದರು. ಅಪ್ಪ, ಅಣ್ಣ ಮನೆಯಲ್ಲಿರಲಿಲ್ಲ, ಅವ್ವ ನೀರಿಗೆ ಹೋಗಿದ್ದಳು. ಯಾರೂ ನನ್ನ ಬಾಯಿ ಕಟ್ಟಿರಲಿಲ್ಲ. ನನ್ನವು ಅಂದರೆ ನನ್ನ ಕಾಲೇಜು ನಿಲ್ಲುತ್ತದೆಂದು, “ಶರ್ವಾಣಿವು ರೀ” ಅಂದೆ. “ನಾ ಹೇಳೀನಂತ ಆಕಿ ಮುಂದ ಅನಬ್ಯಾಡ್ರಿ” ಅಂತಲೂ ಬೇಡಿಕೊಂಡೆ. “ಇಲ್ಲಮ್ಮ” ಅಂದು ಹೋದವರು ಇಪ್ಪತ್ತೆರಡು ವರ್ಷ ಆ ಮಾತು ಉಳಿಸಿಕೊಂಡರು. ಇಷ್ಟನ್ನು ಅವರಿಗೆ ಓದಿ ಹೇಳಬೇಕಾಗಿಲ್ಲ. ಇದು ಗೊತ್ತಿಲ್ಲದಿದ್ದವಳು ನೀನೊಬ್ಬಳೇ.