ನಮ್ಮ ಬಣ್ಣದ ಪೆಟ್ಟಿಗೆಯಲ್ಲಿ ತಾಲೀಮು ಮುಗಿಸಿದ ರೋಗಾಣುಗಳು

ಔಷಧ ನಿಯಂತ್ರಣಾಧಿಕಾರಿಗಳೇ, ದಯವಿಟ್ಟು ಕಿಟಕಿ ತೆರೆಯಿರಿ! ನಿಮ್ಮ ಕಚೇರಿಯ ಎದುರಿಗೇ ಇರುವ ಔಷಧಿ ಅಂಗಡಿಯಲ್ಲಿ ವೈದ್ಯರ ಚೀಟಿಯೇ ಇಲ್ಲದೆ ಆಂಟಿಬಯಾಟಿಕ್ ಮಾತ್ರೆಗಳನ್ನು ಎರಡು ಬೇಕೇ ಎರಡು, ಮೂರು ಬೇಕೇ ಮೂರು ಎಂದು ಕತ್ತರಿಸಿ ಕತ್ತರಿಸಿ ಕೊಡುತ್ತಿದ್ದಾರೆ. ಹದಿನೈದು ವರ್ಷಗಳಿಂದ ನಿಮಗೆ ಕಾಣಿಸದ ಈ ದೃಶ್ಯ ನನಗೆ ಹೇಗೆ ಕಾಣಿಸಿತು ಎನ್ನುವಿರಾ? ಗಿರಾಕಿ ನಾನೇ ಸ್ವಾಮಿ!

ನಮ್ಮದು ನಾಟಕದ ಮನೆತನ. ರಾಜನ ವೇಷ ಅಕ್ಕನದು, ತಾಲೀಮು ಮಾಡಿಸುವುದೂ ಸೇರಿ ಮಿಕ್ಕಿದ್ದೆಲ್ಲ ನನ್ನದು. ಬಣ್ಣದ ಪೆಟ್ಟಿಗೆಯಲ್ಲಿ ಮೀಸೆಗಳ ಪಕ್ಕ ಇದೇ ಮಾತ್ರೆಗಳ ಒಂದು ಡಬ್ಬಿ. ಯಾರದಾದರೂ ಗಂಟಲು ಕಟ್ಟಿತೋ, ರಂಗಕ್ಕೆ ಹೋಗುವ ಮುನ್ನ ಎರಡು ನುಂಗುವುದು. ಧ್ವನಿ ಬಂದೊಡನೆ ನಿಲ್ಲಿಸಿ, ಉಳಿದದ್ದನ್ನು ಮುಂದಿನ ಗಂಟಲಿಗೆ ಎತ್ತಿಡುವುದು. ಆಹಾ, ಎಂಥ ಮಿತವ್ಯಯ!

ಕಳೆದ ತಿಂಗಳು ಯುದ್ಧದ ದೃಶ್ಯದಲ್ಲಿ ಅಕ್ಕನ ಅಂಗಾಲಿಗೆ ಮೊಳೆ ಚುಚ್ಚಿತು. ಡಬ್ಬಿ ತೆರೆದೆವು. ಎರಡು ದಿನ ನುಂಗಿದಳು, ನೋವು ಇಳಿಯಿತು, ನಿಲ್ಲಿಸಿದಳು. ವಾರದೊಳಗೆ ಪಾದ ಕುಂಬಳಕಾಯಿಯಾಯಿತು. ಅಂಗಡಿಗೆ ಓಡಿದೆ. “ಇದು ಇನ್ನೂ ಸ್ಟ್ರಾಂಗು, ತಗೊಂಡ್ಹೋಗಿ ಸಾರ್,” ಎಂದ ಅಂಗಡಿಯವ, ಗಾಯ ಎಂಥದ್ದೆಂದೂ ಕೇಳದೆ. ಬಾವು ಅದಕ್ಕೂ ಜಗ್ಗಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಕೀವನ್ನು ಪರೀಕ್ಷೆಗೆ ಕಳಿಸಿದರು. ಒಂಬತ್ತು ಔಷಧಗಳಲ್ಲಿ ಎಂಟಕ್ಕೆ ಆ ರೋಗಾಣು ಬಗ್ಗುವುದಿಲ್ಲವೆಂದು ವರದಿ ಬಂತು.

“ಅರ್ಧಂಬರ್ಧ ಮಾತ್ರೆ ಕೊಟ್ಟು ಕೊಟ್ಟು ಇವುಗಳಿಗೆ ನೀವೇ ತಾಲೀಮು ಮಾಡಿಸಿದ್ದೀರಲ್ರೀ!” ಎಂದು ನನ್ನನ್ನು ಗದರಿದರು.

“ನನ್ ತಮ್ಮ ಮನುಷ್ಯರಿಗೂ ಇಷ್ಟು ಚೆನ್ನಾಗಿ ಕಲಿಸಿಲ್ಲ ಡಾಕ್ಟ್ರೇ,” ಎಂದಳು ಅಕ್ಕ. ಆಮೇಲೆ, ಮೆಲ್ಲಗೆ: “ಕಾಲು ಉಳಿಯುತ್ತಾ?”

“ಆ ಒಂಬತ್ತನೇದು ಕೆಲಸ ಮಾಡಿದ್ರೆ ಉಳಿಯುತ್ತಮ್ಮ.”

ಮಾಡುತ್ತಿದೆ, ಮಾನ್ಯರೇ! ಹದಿನಾಲ್ಕರಲ್ಲಿ ಇಂದಿಗೆ ಆರನೆಯ ಚುಚ್ಚುಮದ್ದು. ಬೆಳಿಗ್ಗೆ ಅಕ್ಕ ಕಾಲ್ಬೆರಳುಗಳನ್ನು ಒಂದೊಂದಾಗಿ ಆಡಿಸಿ ತೋರಿಸಿದಳು. ಇಡೀ ವಾರ್ಡು ಚಪ್ಪಾಳೆ ತಟ್ಟಿತು. “ಹದಿನಾಲ್ಕೂ ಹಾಕಿ ಸಿಸ್ಟರ್, ಒಂದೂ ಬಿಡ್ಬೇಡಿ,” ಎಂದು ಈಗ ಅವಳೇ ನರ್ಸಮ್ಮನಿಗೆ ಆಜ್ಞೆ ಮಾಡುತ್ತಾಳೆ.

ನಮ್ಮ ತಪ್ಪು ನಮ್ಮದೇ, ಒಪ್ಪಿದೆ. ಆದರೆ ಕಾನೂನು ಇರುವುದು ನಿಮ್ಮ ಕೈಯಲ್ಲಲ್ಲವೇ? ಒಂದೇ ಒಂದು ರಸ್ತೆ ದಾಟಿ ಬನ್ನಿ. ಚೀಟಿಯಿಲ್ಲದೆ ಮಾತ್ರೆ ಕೇಳಿ. ಕೊಟ್ಟರೆ ನಿಂತಲ್ಲೇ ಬೀಗ ಜಡಿಯಿರಿ. ಇವತ್ತೇ ಬನ್ನಿ. ಏಕೆಂದರೆ ನಿನ್ನೆ ಅಂಗಡಿಯವ ನನ್ನನ್ನು ಅಕ್ಕರೆಯಿಂದ ಕೂಗಿ ಕೇಳಿದ: “ಅಕ್ಕನಿಗೆ ಕೊನೆಗೆ ಯಾವುದು ಹಿಡೀತು ಸಾರ್? ಹೆಸರು ಹೇಳಿ, ನಾವೂ ತರಿಸಿಡ್ತೀವಿ!”

ಇಂತಿ,
ಜೀವಮಾನದಲ್ಲಿ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡು ಬಂದ ನಟ