ಅಲೆಯ ಮೇಲಿದ್ದ ಬೆನ್ನು ಯಾರದು?

ವೆಂಚುರಾ, ಕ್ಯಾಲಿಫೋರ್ನಿಯಾ
೯ ಮೇ ೨೦೨೩

ಪ್ರಿಯ ಮಿಲ್ಲಿ,

ಹೇಗಿದ್ದೀಯ? ಪಾಮ್ ಸ್ಪ್ರಿಂಗ್ಸ್‌ನ ಸೆಕೆ ಈಗಲೇ ಶುರುವಾಗಿರಬೇಕು. ನಿನ್ನ ಕ್ರಿಸ್‌ಮಸ್ ಕಾರ್ಡು ಬಂದು ಐದು ತಿಂಗಳಾಯಿತು, ಉತ್ತರ ಬರೆಯಲಿಲ್ಲ, ತಪ್ಪು ನನ್ನದೇ. ಮೊದಲು ಕಣ್ಣಿನ ಪೊರೆ ತೆಗೆಸಿಕೊಂಡೆ. ಆಮೇಲೆ ನಗರಸಭೆಯವರ ಜೊತೆ ಜಗಳ ಹತ್ತಿತು. ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದ ಗ್ರಂಥಾಲಯವನ್ನು ಇನ್ನು ವಾರಕ್ಕೆ ಮೂರೇ ದಿನ ತೆರೆಯುತ್ತಾರಂತೆ. ಸಭೆಗೆ ಹೋಗಿ ಮಾತಾಡಿದೆ, ಮೈಕಿನ ಮುಂದೆ ಕೊಟ್ಟಿದ್ದು ಎರಡು ನಿಮಿಷ. ಇದೆಲ್ಲ ನೆಪ ಅನ್ನುವುದು ನಿನಗೂ ಗೊತ್ತಾಗುತ್ತದೆ. ಕಾರ್ಡಿನ ಮೇಲಿದ್ದ ನಿನ್ನ ಫೋಟೋ ನೋಡಿದ ಮೇಲೆ ಪೆನ್ನು ಹಿಡಿಯುವ ಮನಸ್ಸಾಗಲಿಲ್ಲ. ಎಪ್ಪತ್ತೆಂಟಕ್ಕೆ ಅಂಥ ಕೂದಲು ಯಾರಿಗಾದರೂ ಇರುತ್ತದೆಯೇ, ಮಾರಾಯ್ತಿ? ನನ್ನದು ಬಾಚಣಿಗೆಯಲ್ಲೇ ಹೆಚ್ಚು ಉಳಿದಿದೆ.

ನನ್ನ ಮುದುಕ ವೆಂಡೆಲ್ ಚೆನ್ನಾಗಿದ್ದಾನೆ. ಎಂಬತ್ತೊಂದಾಯಿತು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅವನಿಗೆ ಬೇಕಾದಾಗ ಮಾತ್ರ ಕೇಳಿಸುತ್ತದೆ.

ಇವತ್ತು ಯಾಕೆ ಬರೆಯುತ್ತಿದ್ದೇನೆ ಅಂದರೆ, ಭಾನುವಾರದ ಪತ್ರಿಕೆಯಲ್ಲಿ ನಿನ್ನ ಸುದ್ದಿ ಬಂದಿದೆ. ಅರ್ಧ ಪುಟ. ಇಲ್ಲಿನ ಸರ್ಫಿಂಗ್ ಸಂಗ್ರಹಾಲಯದವರು ಜೂನ್ ಹತ್ತರಂದು ನಿನ್ನನ್ನು ಕರೆಸಿ ಸನ್ಮಾನ ಮಾಡುತ್ತಾರಂತೆ. ‘ಬೆಳ್ಳಿತೆರೆಯ ಮೇಲೆ ಅಲೆ ಏರಿದ ಹುಡುಗಿ, ಕೋರಲ್ ಬ್ರೈಟ್.’ ಸಿನಿಮಾದವರು ನಿನಗಿಟ್ಟ ಆ ಹೆಸರು ಓದಿದಾಗೆಲ್ಲ ನನಗೆ ಈಗಲೂ ನಗು ಬರುತ್ತದೆ. ಬೇಕರ್ಸ್‌ಫೀಲ್ಡಿನ ಮಿಲ್ಡ್ರೆಡ್ ಪ್ರೂಯಿಟ್‌ಗೆ ನೀರು ಕಂಡರೆ ಆಗುತ್ತಿರಲಿಲ್ಲ. ಈಜುಕೊಳದಲ್ಲೂ ಏಣಿ ಬಿಡುತ್ತಿರಲಿಲ್ಲ.

ಸುದ್ದಿಯ ಜೊತೆ ಫೋಟೋ ಇದೆ. ದೊಡ್ಡ ಅಲೆ, ಹಳದಿ ಸರ್ಫಿಂಗ್ ಹಲಗೆ, ಅದರ ಮೇಲೆ ಕೈ ಚಾಚಿ ನಿಂತ ಹುಡುಗಿಯ ಬೆನ್ನು. ಕೆಳಗೆ ನಿನ್ನ ಹೆಸರು.

ಮಿಲ್ಲಿ, ಆ ಬೆನ್ನು ನನ್ನದು.

೧೯೬೫ರ ಆ ಫೆಬ್ರವರಿ ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. ಬೇಸಿಗೆಯ ಚಿತ್ರಗಳನ್ನು ನಮ್ಮ ಕಂಪನಿ ಯಾವತ್ತೂ ಚಳಿಗಾಲದಲ್ಲೇ ತೆಗೆಯುತ್ತಿತ್ತು, ಮೇ ತಿಂಗಳಿಗೆ ಚಿತ್ರಮಂದಿರ ಸೇರಬೇಕಲ್ಲ. ಬೆಳಗಿನ ಏಳಕ್ಕೆ ಮೈಗೆಲ್ಲ ಕಂದು ಬಣ್ಣ ಬಳಿಸಿಕೊಂಡು, ಈಜುಡುಗೆಯಲ್ಲಿ ಗಡಗಡ ನಡುಗುತ್ತಾ ಮರಳ ಮೇಲೆ ಕುಣಿಯುತ್ತಿದ್ದೆವು. ಮಾತಾಡಿದರೆ ಬಾಯಿಂದ ಹಬೆ ಬರುತ್ತದೆ, ಕ್ಯಾಮೆರಾಗೆ ಕಾಣುತ್ತದೆ ಅಂತ ಪ್ರತಿ ಶಾಟಿಗೂ ಮುಂಚೆ ಬಾಯಿಗೊಂದು ಐಸ್ ತುಂಡು. ‘ಉಗೀರಿ!’ ಅಂತ ನಿರ್ದೇಶಕರು ಕೂಗಬೇಕು, ಎಲ್ಲರೂ ಉಗಿಯಬೇಕು, ತಕ್ಷಣ ನಗಬೇಕು. ವೇಷಭೂಷಣದ ಇರ್ಮಾ ಇಂಚುಪಟ್ಟಿ ಹಿಡಿದು ಹೊಕ್ಕುಳು ಕಾಣುತ್ತದಾ ಅಂತ ಒಬ್ಬೊಬ್ಬರನ್ನೇ ಅಳೆಯುತ್ತಿದ್ದಳು. ‘ದೇವರು ಕೊಟ್ಟಿದ್ದು ಒಂದೇ ಹೊಕ್ಕುಳು, ಅದನ್ನ ನೋಡೋಕೆ ದೇಶಕ್ಕೇ ಭಯ’ ಅಂದಿದ್ದು ನೀನೇ. ಆ ಮಾತಿಗೆ ನಾನು ಐಸ್ ನುಂಗಿಬಿಟ್ಟಿದ್ದೆ.

ಅಲೆಯ ದೃಶ್ಯಕ್ಕೆ ಮೊದಲು ಕಡಲತೀರದ ಜೀವರಕ್ಷಕ ಹುಡುಗನೊಬ್ಬನಿಗೆ ವಿಗ್ ಹಾಕಿ ಹಲಗೆ ಹತ್ತಿಸಿದ್ದರು. ಆಗೆಲ್ಲ ಹಾಗೇ ನಡೆಯುತ್ತಿತ್ತು. ರೀಲು ನೋಡಿದ ನಿರ್ದೇಶಕರು ತಲೆ ಚಚ್ಚಿಕೊಂಡರು. ‘ನಾಯಕಿಗೆ ಕಾಲ್ ತುಂಬಾ ಕೂದ್ಲು ಯಾವಾಗ ಬಂತಪ್ಪಾ?’ ಆಗ ನೀನೇ ನನ್ನನ್ನು ಮುಂದೆ ತಳ್ಳಿದೆ. ‘ನಮ್ಮ ಡೋರಿಗೆ ಬರುತ್ತೆ ಸಾರ್. ಅವಳು ಹುಟ್ಟಿದ್ದೇ ಹಲಗೆ ಮೇಲೆ.’ ಆ ಉಪಕಾರ ಮರೆತಿಲ್ಲ. ಮೂರು ಬೆಳಗ್ಗೆ, ಹದಿನಾಲ್ಕು ಅಲೆ. ಕೊನೆಯದರಲ್ಲಿ ವಿಗ್ ಕಳಚಿ ಹೋಯಿತು, ಅದನ್ನು ಸೀಲ್ ಮರಿ ಅಂತ ಯಾರೋ ಕೂಗಿದರು.

ನಿನ್ನ ಮುಖದ ಶಾಟುಗಳನ್ನು ಸ್ಟುಡಿಯೋದಲ್ಲಿ ತೆಗೆದರು. ಬಡಗಿಗಳ ಎರಡು ಮರದ ಸ್ಟ್ಯಾಂಡುಗಳ ಮೇಲೆ ಹಲಗೆ, ಅಲ್ಲಾಡಿಸಲು ಇಬ್ಬರು, ಬಕೆಟ್ಟಿನಿಂದ ನೀರು ಎರಚಲು ಇನ್ನೊಬ್ಬ. ಅಲ್ಲೇ ಯಡವಟ್ಟಾಗಿದ್ದು. ನೀನು ಎಡಗಾಲು ಮುಂದಿಟ್ಟು ನಿಂತೆ, ಎಲ್ಲರ ಹಾಗೆ. ನಾನು ಬಲಗಾಲು ಮುಂದಿಡುವವಳು. ಸಮುದ್ರ ಗೊತ್ತಿದ್ದವರು ಯಾರಾದರೂ ಆ ಎಡಿಟಿಂಗ್ ಕೋಣೆಯಲ್ಲಿ ಇದ್ದಿದ್ದರೆ ಆ ಕ್ಷಣವೇ ಹಿಡಿಯುತ್ತಿದ್ದರು. ತೆರೆಯ ಮೇಲೆ ಒಂದೇ ಅಲೆಯಲ್ಲಿ ನಾಯಕಿ ನಾಲ್ಕು ಸಲ ಕಾಲು ಬದಲಿಸುತ್ತಾಳೆ. ಐವತ್ತೆಂಟು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಈಜುಡುಗೆ ತೊಟ್ಟ ಹುಡುಗಿಯ ಪಾದ ಯಾರು ನೋಡುತ್ತಾರೆ?

ಬಾಯಿ ಬಿಡುವುದಿಲ್ಲ ಅಂತ ಕಂಪನಿಯವರು ಏಳು ವರ್ಷದ ಕರಾರಿಗೆ ಸಹಿ ಹಾಕಿಸಿಕೊಂಡಿದ್ದರು. ಆಗ ಅದು ದೊಡ್ಡದು ಅನ್ನಿಸಿರಲಿಲ್ಲ. ದೊಡ್ಡದು ಅನ್ನಿಸಿದ್ದು ಆ ಮೇ ತಿಂಗಳಲ್ಲಿ, ಇದೇ ವೆಂಚುರಾದ ಚಿತ್ರಮಂದಿರದಲ್ಲಿ. ಪ್ರಚಾರಕ್ಕೆ ನಿನ್ನನ್ನು ಊರೂರಿಗೆ ಕಳಿಸಿದರಲ್ಲ, ಜೊತೆಗೆ ಕುಣಿಯುವ ನಾಲ್ವರು. ನಾನು ಕಾಗದದ ಹೂಹಾರಗಳ ತಟ್ಟೆ ಹಿಡಿದು ನಿನ್ನ ಪಕ್ಕ ನಿಂತಿದ್ದೆ. ಪ್ರೊಜೆಕ್ಟರ್ ನಡೆಸುವ ಉದ್ದ ಹುಡುಗ ಮೇಲಿನಿಂದ ಓಡಿ ಬಂದ. ಕೈಯೆಲ್ಲ ಎಣ್ಣೆ. ‘ಮಿಸ್, ಆ ಅಲೆ... ಅದು ನಿಜವಾಗ್ಲೂ ನೀವೇನಾ?’

ನೀನು ಒಂದು ಸಲ ನನ್ನ ಕಡೆ ನೋಡಿದೆ. ಆಮೇಲೆ ಅವನ ಕಡೆ ತಿರುಗಿ, ‘ಮತ್ಯಾರು, ನಮ್ಮಜ್ಜಿನಾ?’ ಅಂದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವುದಕ್ಕೇ ಸಂಬಳ ಕೊಡುತ್ತಿದ್ದರು.

ನೀನೂ ಆ ಹುಡುಗನೂ ನಾಲ್ಕು ತಿಂಗಳು ಜೊತೆಯಲ್ಲಿ ತಿರುಗಿದಿರಿ. ಅದರ ಬಗ್ಗೆ ನನ್ನದು ತಕರಾರಿಲ್ಲ. ದೊಡ್ಡ ಚಿತ್ರ ಸಿಕ್ಕಿತು, ನೀನು ಹೋದೆ, ವೆಂಡೆಲ್ ನಿನ್ನ ವಿಳಾಸ ಕೇಳಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದ. ಬರುತ್ತಲೇ ಇದ್ದ. ಮಾರನೆಯ ವರ್ಷ ಮದುವೆಯಾದೆವು. ನೀನು ಬೆಳ್ಳಿಯ ಟೋಸ್ಟ್ ಸ್ಟ್ಯಾಂಡ್ ಕಳಿಸಿದ್ದೆ.

ಪತ್ರಿಕೆಯ ಹುಡುಗಿ ಆ ಕಾಲವನ್ನು ‘ಮುಗ್ಧ ದಿನಗಳು’ ಅಂತ ಬರೆದಿದ್ದಾಳೆ. ಸಂಪಾದಕರಿಗೆ ಅವತ್ತೇ ಪತ್ರ ಹಾಕಿದೆ. ನಮ್ಮ ಚಿತ್ರದ ಮರಳಿನ ಮೇಲೆ ಒಬ್ಬನಾದರೂ ಕಪ್ಪು ಹುಡುಗ ಕುಣಿದಿದ್ದನಾ? ನಾವು ಪ್ರಚಾರ ಮಾಡುತ್ತಾ ತಿರುಗುತ್ತಿದ್ದ ಅದೇ ಬೇಸಿಗೆಯಲ್ಲಿ ಲಾಸ್ ಏಂಜಲಿಸ್‌ನಲ್ಲಿ ಕಪ್ಪು ಜನರ ಬಡಾವಣೆ ವಾಟ್ಸ್ ಗಲಭೆಯಲ್ಲಿ ಹೊತ್ತಿ ಉರಿಯಿತು. ನಮ್ಮ ಜೊತೆ ಡ್ರಮ್ ಬಾರಿಸುತ್ತಿದ್ದ ಡೆನ್ನಿಸ್ ಕ್ರಿಸ್‌ಮಸ್ ಹೊತ್ತಿಗೆ ವಿಯೆಟ್ನಾಂ ಯುದ್ಧದಲ್ಲಿದ್ದ, ಈಸ್ಟರ್ ಹೊತ್ತಿಗೆ ಪೆಟ್ಟಿಗೆಯಲ್ಲಿ ಬಂದ. ಮುಗ್ಧರಾಗಿದ್ದದ್ದು ನಮ್ಮ ಕಥೆಗಾರರು ಮಾತ್ರ, ಅವರಿಗೂ ಹಾಗೆ ಬರೆಯಲು ಹೇಳಿದ್ದರು. ಪತ್ರ ಇನ್ನೂ ಅಚ್ಚಾಗಿಲ್ಲ. ಆಗುವುದೂ ಇಲ್ಲ.

ಹೋಗಲಿ, ವಿಷಯಕ್ಕೆ ಬರುತ್ತೇನೆ. ಸನ್ಮಾನದ ದಿನ ನಿನ್ನ ಹೆಜ್ಜೆಗುರುತನ್ನು ಹಸಿ ಸಿಮೆಂಟಿನಲ್ಲಿ ಒತ್ತಿಸಿಕೊಂಡು ಸಂಗ್ರಹಾಲಯದ ಬಾಗಿಲಲ್ಲಿ ಕೂರಿಸುತ್ತಾರಂತೆ. ಅಲೆಯ ಮೇಲೆ ನಿಂತ ಭಂಗಿಯಲ್ಲೇ ಆಗಬೇಕಂತೆ. ಯಾವ ಕಾಲು ಮುಂದಿಡುತ್ತೀಯ ಮಿಲ್ಲಿ? ಎಡಗಾಲಿಟ್ಟರೆ ಗೋಡೆಯ ಫೋಟೋಗೆ ತಾಳೆಯಾಗುವುದಿಲ್ಲ. ಬಲಗಾಲಿಟ್ಟರೆ ಅದು ನನ್ನ ಕಾಲು. ಇವರೇನು ಸಿನಿಮಾದವರಲ್ಲ, ಸರ್ಫಿಂಗ್‌ನವರು. ಇವರು ಪಾದ ನೋಡುತ್ತಾರೆ.

ನಿನ್ನ ಮರ್ಯಾದೆ ಕಳೆಯುವ ಆಸೆ ನನಗಿಲ್ಲ. ಹೊಟ್ಟೆಕಿಚ್ಚು ಇದೆ, ಇಲ್ಲ ಅನ್ನುವುದಿಲ್ಲ. ನಿನ್ನ ಕೂದಲಿಗೆ, ನಿನ್ನ ಅರ್ಧ ಪುಟಕ್ಕೆ, ಮುದುಕರು ನಿನ್ನ ಹಸ್ತಾಕ್ಷರಕ್ಕೆ ಸಾಲು ನಿಲ್ಲುವುದಕ್ಕೆ. ಚಿತ್ರದಲ್ಲಿ ನಿನ್ನ ನಗು, ಹಾಡು, ಪ್ರಣಯದ ತುಂಟಾಟ ಎಲ್ಲ ನಿನ್ನದೇ, ಚೆನ್ನಾಗಿಯೇ ಮಾಡಿದ್ದೀಯ, ಇಟ್ಟುಕೋ. ಅಲೆ ಮಾತ್ರ ವಾಪಸು ಕೊಡು. ಮೈಕಿನ ಮುಂದೆ ಒಂದೇ ವಾಕ್ಯ ಸಾಕು: ‘ಹಲಗೆ ಮೇಲಿದ್ದೋಳು ಡೋರಿನ್ ಹ್ಯಾಸ್ಕೆಲ್.’ ಕರಾರಿನ ಏಳು ವರ್ಷ ಎಂದೋ ಮುಗಿದಿದೆ, ಸಹಿ ಹಾಕಿಸಿಕೊಂಡವರೆಲ್ಲ ಸತ್ತಿದ್ದಾರೆ. ನಿನಗೆ ಯಾರ ಭಯ?

ಮಂಡಿ ನೋವಿಗೆ ಬಿಸಿ ಉಪ್ಪಿನ ಶಾಖ ಕೊಡು. ದಾರಿಯಲ್ಲಿ ನೀನೇ ಕಾರು ಓಡಿಸಬೇಡ, ಮಗಳನ್ನು ಕರೆತಾ. ಬಿಸಿಲು ನಿನ್ನ ಮೇಲೆ ಕರುಣೆ ಇಡಲಿ, ನಿದ್ದೆ ನಿನಗೆ ಚೆನ್ನಾಗಿ ಬರಲಿ. ಮನೆಯಲ್ಲಿ ಹಾಸಿಗೆ ಸಿದ್ಧವಿದೆ, ನಿಂಬೆ ಕೇಕೂ ಮಾಡಿರುತ್ತೇನೆ.

ಪ್ರೀತಿಯಿಂದ, ಸಿಟ್ಟಿನಿಂದಲೂ,
ನಿನ್ನ ಡೋರಿನ್

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ವೆಂಡೆಲ್‌ಗೆ ಗೊತ್ತಿಲ್ಲ.

ಅವನು ಮೊದಲ ಸಲ ನಮ್ಮ ಮನೆಗೆ ಬಂದಾಗ ಮೆಟ್ಟಿಲ ಮೇಲೆ ಕೂತು ಅತ್ತ. ‘ಆ ಚಿತ್ರ ಅರವತ್ಮೂರು ಸಲ ಓಡಿಸಿದೀನಿ. ಅಲೆ ಮೇಲೆ ಹಂಗೆ ನಿಂತ್ಕೊಳ್ಳೋ ಹುಡುಗಿನ ಮರೆಯೋದು ಹೇಗೆ?’ ಅಂದ. ಅದು ನಾನೇ ಅಂತ ಅನ್ನಬಹುದಿತ್ತು. ಕರಾರು ಇತ್ತು ಅನ್ನುವುದು ನೆಪ. ನೆಲದ ಮೇಲೆ ನಿಂತ ನನ್ನನ್ನು ನೋಡಿ ಅವನು ಒಪ್ಪಲಿ ಅನ್ನುವ ಹಟ ನನಗೆ. ಒಪ್ಪಿದ. ಒಳ್ಳೆಯ ಗಂಡನಾದ. ನಾನು ಸರ್ಫಿಂಗ್‌ಗೆ ಹೋದಾಗೆಲ್ಲ ದಡದಲ್ಲಿ ಟವೆಲ್ ಹಿಡಿದು ಪತ್ರಿಕೆ ಓದುತ್ತಾ ಕೂರುತ್ತಿದ್ದ. ವರ್ಷ ಕಳೆದಷ್ಟೂ ಹೇಳುವುದು ಕಷ್ಟವಾಯಿತು.

ಭಾನುವಾರ ಬೆಳಗ್ಗೆ ಪತ್ರಿಕೆ ಬಿಚ್ಚಿದವನು ಚಮಚ ಕೆಳಗಿಟ್ಟ. ಆ ಫೋಟೋವನ್ನು ಎಷ್ಟು ಹೊತ್ತು ನೋಡಿದನೆಂದರೆ ಕಾಫಿ ಆರಿಹೋಯಿತು. ‘ನೋಡೇ ಡೋರಿ, ಹೆಂಗೆ ನಿಂತಿದಾಳೆ’ ಅಂದ. ಕಣ್ಣು ಒದ್ದೆಯಾಗಿತ್ತು. ಐವತ್ತೇಳು ವರ್ಷದ ಸಂಸಾರದಲ್ಲಿ ಅವನು ನನ್ನನ್ನು ಹಾಗೆ ಒಮ್ಮೆಯೂ ನೋಡಿಲ್ಲ ಮಿಲ್ಲಿ. ಈಗ ನಾನೇ ಹೇಳಿದರೆ ಪಾಪ ಮುದುಕಿಗೆ ಹೊಟ್ಟೆಕಿಚ್ಚು ಅಂತ ನನ್ನ ಕೈ ಸವರಿ ಸಮಾಧಾನ ಮಾಡುತ್ತಾನೆ. ನೀನು ಹೇಳಿದರೆ ನಂಬುತ್ತಾನೆ. ಅವನನ್ನು ಮುಂದಿನ ಸಾಲಿನಲ್ಲೇ ಕೂರಿಸುತ್ತೇನೆ, ಬಲಗಿವಿ ನಿನ್ನ ಕಡೆಗೆ. ಜೋರಾಗಿ ಹೇಳು. ಆಮೇಲೆ ನನ್ನ ಕಡೆ ತಿರುಗಬೇಡ, ಅವನು ತಿರುಗುತ್ತಾನಾ ನೋಡಬೇಕು.